ಮಡಿಕೇರಿಯಲ್ಲಿ ನಾಲ್ಕು ರಾತ್ರಿ: ಯಾವ ದಿನ ಯಾವ ಕಡೆ ಹೋಗೋದು?

ಬೆಣ್ಣೆದೋಸೆ ದಾವಣಗೆರೆ
ನಮಸ್ಕಾರ. ಅಕ್ಟೋಬರ್ 15ರ ಸಂಜೆ ಮಡಿಕೇರಿ ಸೇರಿ 19ರ ಬೆಳಿಗ್ಗೆ ಹೊರಡೋದು. ರೂಮು ಊರೊಳಗೇ ಬುಕ್ ಆಗಿದೆ, ಬದಲಾಯಿಸೋಕೆ ಆಗಲ್ಲ. ಆರು ಜನ, ಸ್ವಂತ ಏಳು ಸೀಟಿನ ಕಾರು. ಅಪ್ಪನಿಗೆ 70, ಮಂಡಿ ನೋವು. ಮಗಳಿಗೆ 6 ವರ್ಷ, ತಿರುವು ರಸ್ತೆಯಲ್ಲಿ ವಾಂತಿ. ಹಾಕಿರೋ ಪ್ಲಾನ್ ಹೀಗಿದೆ:
16: ತಲಕಾವೇರಿ, ಭಾಗಮಂಡಲ, ಮಧ್ಯಾಹ್ನ ದುಬಾರೆ, ಸಂಜೆ ರಾಜಾಸೀಟ್.
17: ಮಾಂದಲಪಟ್ಟಿ, ಅಬ್ಬಿ ಫಾಲ್ಸ್, ಗೋಲ್ಡನ್ ಟೆಂಪಲ್.
18: ಇರ್ಪು ಫಾಲ್ಸ್, ನಾಗರಹೊಳೆ ಸಫಾರಿ.
ಮ್ಯಾಪಲ್ಲಿ ನೋಡಿದ್ರೆ ಯಾವುದೂ 100 ಕಿ.ಮೀ. ದಾಟಲ್ಲ. ಆರಾಮಾಗಿ ಆಗುತ್ತಲ್ವಾ?

ಏಲಕ್ಕಿ ಕಾಡು
ಆಗಲ್ಲ.

ಮೇಕೇರಿ ತಿರುವು
ಮೇಲಿನವರು ಒಂದೇ ಮಾತಲ್ಲಿ ಮುಗಿಸಿದ್ರು, ನಾನು ಕಾರಣ ಹೇಳ್ತೀನಿ. ಬಯಲುಸೀಮೆ ಲೆಕ್ಕದಲ್ಲಿ ಕಿಲೋಮೀಟರ್ ಎಣಿಸಿದ್ದೀರಿ. ಇಲ್ಲಿ ಹೆದ್ದಾರಿ ಬಿಟ್ಟು ಒಳಗೆ ಹೋದ್ರೆ ಗಂಟೆಗೆ 30 ಕಿ.ಮೀ. ಹಿಡೀರಿ, ವಾಂತಿಗೆ ನಿಲ್ಲಿಸೋ ಮಗು ಇದ್ರೆ 25. ತಲಕಾವೇರಿ ಪಶ್ಚಿಮಕ್ಕೆ, ದುಬಾರೆ ಪೂರ್ವಕ್ಕೆ, ನಡುವೆ ಮಡಿಕೇರಿ. ಎರಡನ್ನೂ ಒಂದೇ ದಿನಕ್ಕೆ ಹಾಕಿದ್ರೆ ಊಟದ ಹೊತ್ತಿಗೆ ಮತ್ತೆ ನಿಮ್ಮ ರೂಮಿನ ಮುಂದೇ ಹಾದು ಹೋಗ್ತೀರಿ. ದಿನಕ್ಕೊಂದು ದಿಕ್ಕು ಇಟ್ಕೊಳ್ಳಿ, ಬೇರೆ ದಾರಿ ಇಲ್ಲ.

ಬುಲೆಟ್ ಬಸವ
ಅಷ್ಟೇನಿಲ್ಲ ಸರ್, ಹೆದರಿಸ್ತಾರೆ. ಬೆಳಿಗ್ಗೆ 5ಕ್ಕೆ ಬಿಟ್ರೆ ತಲಕಾವೇರಿ ಮುಗಿಸಿ 2 ಗಂಟೆಗೆ ದುಬಾರೇಲಿ ಇರಬಹುದು.

ಮೇಕೇರಿ ತಿರುವು
@ಬುಲೆಟ್ ಬಸವ ಇರಬಹುದು. ಆದ್ರೆ 2 ಗಂಟೆಗೆ ದುಬಾರೇಲಿ ಏನು ನೋಡ್ತೀರಿ? ಆನೆ ಸ್ನಾನ ಬೆಳಿಗ್ಗೆ. ಸುಮಾರು 9ರಿಂದ 11ರೊಳಗೆ ಹೊಳೆಗೆ ಇಳಿಸ್ತಾರೆ, ಆಮೇಲೆ ಊಟ ಕೊಟ್ಟು ಕಾಡಿಗೆ ಬಿಡ್ತಾರೆ. ಮಧ್ಯಾಹ್ನ ಹೋದವರು ದೋಣಿ ದಾಟಿ, ಲದ್ದಿ ನೋಡಿ, ವಾಪಸ್ ದೋಣಿ ಹತ್ತಬೇಕು. ಮಂಡಿ ನೋವಿನವರನ್ನ 5 ಗಂಟೆಗೆ ಎಬ್ಬಿಸಿ ಅದನ್ನ ತೋರಿಸೋದಾ?

ಕಾವೇರಮ್ಮನ ಮೊಮ್ಮಗಳು
ಎಲ್ಲರೂ ರಸ್ತೆ ಬಗ್ಗೆನೇ ಮಾತಾಡ್ತಿದ್ದೀರಿ, ತಾರೀಕು ಯಾರೂ ನೋಡಿಲ್ವಾ? ತುಲಾ ಸಂಕ್ರಮಣ ಬರೋದೇ ಅಕ್ಟೋಬರ್ 17 ಅಥವಾ 18ಕ್ಕೆ. ಆಗ ತಲಕಾವೇರಿ ಕುಂಡಿಕೆಯಲ್ಲಿ, ಅಂದ್ರೆ ಕಾವೇರಿ ಹುಟ್ಟೋ ಪುಟ್ಟ ಕೊಳದಲ್ಲಿ, ತೀರ್ಥೋದ್ಭವ, ನೀರು ಉಕ್ಕಿ ಬರೋದು. ಮುಹೂರ್ತ ಪಂಚಾಂಗದ ಪ್ರಕಾರ, ಒಂದು ವರ್ಷ ನಡುರಾತ್ರಿ, ಇನ್ನೊಂದು ವರ್ಷ ಮಧ್ಯಾಹ್ನ. ಆ ದಿನ ಮತ್ತು ಹಿಂದಿನ ಸಂಜೆಯಿಂದ ಭಾಗಮಂಡಲದ ಕಡೆ ರಸ್ತೆ ತುಂಬಾ ಜನ, ಗಾಡಿ. ಸಾಮಾನ್ಯವಾಗಿ ಖಾಸಗಿ ಗಾಡಿಗಳನ್ನ ಭಾಗಮಂಡಲದಲ್ಲೇ ನಿಲ್ಲಿಸಿ ಮೇಲಕ್ಕೆ ಬಸ್ಸಲ್ಲಿ ಕಳಿಸ್ತಾರೆ. ತೀರ್ಥಕ್ಕೇ ಬರೋರಿಗೆ ಅದೇ ಸೊಗಸು. ಸುಮ್ಮನೆ ನೋಡೋಕೆ ಬರೋರು, ಅದೂ ವಯಸ್ಸಾದವರ ಜೊತೆ, 16ರ ಬೆಳಿಗ್ಗೆ ಬೇಗ ಹೋಗಿ ಮಧ್ಯಾಹ್ನದೊಳಗೆ ಇಳೀರಿ. ಆಮೇಲೂ ಒಂದು ತಿಂಗಳು ಜಾತ್ರೆ ಇರುತ್ತೆ, ಆದ್ರೆ ಅಷ್ಟು ನೂಕುನುಗ್ಗಲು ಇರಲ್ಲ.

ಬೆಣ್ಣೆದೋಸೆ ದಾವಣಗೆರೆ
ಅಯ್ಯೋ, ಇದು ಗೊತ್ತೇ ಇರಲಿಲ್ಲ. ಅಪ್ಪನಿಗೆ ಕೇಳಿದ್ರೆ "ತೀರ್ಥದ ದಿನವೇ ಹೋಗೋಣ" ಅಂತಾರೆ. ಕುಂಡಿಕೆ ತನಕ ಮೆಟ್ಟಿಲು ಎಷ್ಟು?

ಕಾವೇರಮ್ಮನ ಮೊಮ್ಮಗಳು
ಪಾರ್ಕಿಂಗಿಂದ ಅಗಲವಾದ ಮೆಟ್ಟಿಲು ಅಕ್ಕ, ಮಧ್ಯೆ ನಿಂತು ಸುಧಾರಿಸ್ಕೊಂಡು ಹತ್ತಬಹುದು. ಮಾಮೂಲಿ ದಿನ ಅಪ್ಪನವರಿಗೆ ಕಷ್ಟ ಆಗಲ್ಲ. ತೀರ್ಥದ ದಿನ ನಿಂತು ಸುಧಾರಿಸ್ಕೊಳ್ಳೋಕೆ ಹಿಂದಿನವರು ಬಿಡಲ್ಲ, ತಣ್ಣೀರು ಬಿದ್ದು ಕಲ್ಲು ಬೇರೆ ಜಾರುತ್ತೆ. ಪಕ್ಕದ ಬ್ರಹ್ಮಗಿರಿಯ ಮೆಟ್ಟಿಲು ಮಾತ್ರ ಅವರಿಗೆ ಬೇಡವೇ ಬೇಡ, ಅದು ಕಡಿದು.
ಕ್ರಮ: ಮೊದಲು ಭಾಗಮಂಡಲದ ಸಂಗಮ, ಭಗಂಡೇಶ್ವರ, ಆಮೇಲೆ 8 ಕಿ.ಮೀ. ಮೇಲೆ ತಲಕಾವೇರಿ. ಇಳಿದು ಬರೋವಾಗ ಭಾಗಮಂಡಲದಲ್ಲಿ ಮಧ್ಯಾಹ್ನದ ಪ್ರಸಾದ ಊಟ ಸಿಗುತ್ತೆ. ಚಡ್ಡಿ ಹಾಕ್ಕೊಂಡು ಬರಬೇಡಿ. ಸ್ವೆಟರ್ ಇರಲಿ, ಬಿಸಿಲಿದ್ರೂ ಮೇಲೆ ಗಾಳಿ ಜೋರು.

ಪಿಂಚಣಿದಾರ
ತಲಕಾವೇರಿಯ ಎತ್ತರ 1,276 ಮೀಟರ್, ಮಡಿಕೇರಿಯದು ಸುಮಾರು 1,170. ಅಂದ್ರೆ ನೂರೇ ಮೀಟರ್ ವ್ಯತ್ಯಾಸ, ಆದರೆ ನಡುವೆ ಭಾಗಮಂಡಲಕ್ಕೆ ಇಳಿದು ಮತ್ತೆ ಹತ್ತಬೇಕಾಗುತ್ತದೆ. ಮಗುವಿನ ವಾಂತಿಗೆ ಕಾರಣ ಇದೇ ರಸ್ತೆಯಾಗುತ್ತದೆ. ಮೇಕೇರಿ, ಅಪ್ಪಂಗಳ, ಬೆಟ್ಟಗೇರಿ, ಚೇರಂಬಾಣೆ ದಾಟುವವರೆಗೂ ತಿರುವೇ ತಿರುವು.

ಮೆಡಿಕಲ್ ಅಂಗಡಿ
ವಾಂತಿಗೆ: ಮಕ್ಕಳ ಡಾಕ್ಟರ್ ಹತ್ರ ತೂಕ ಹೇಳಿ ಸಿರಪ್ ಬರೆಸ್ಕೊಂಡೇ ಬನ್ನಿ, ದೊಡ್ಡವರ ಮಾತ್ರೆ ಮುರಿದು ಕೊಡಬೇಡಿ. ಹೊರಡೋ ಅರ್ಧ ಗಂಟೆ ಮೊದಲು ಕೊಡಬೇಕು, ವಾಂತಿ ಶುರುವಾದ ಮೇಲೆ ಕೊಟ್ರೆ ಅದೂ ಹೊರಗೇ ಬರುತ್ತೆ. ಖಾಲಿ ಹೊಟ್ಟೇನೂ ಬೇಡ, ತುಪ್ಪ ಸುರಿದ ಮಸಾಲೆ ದೋಸೇನೂ ಬೇಡ. ಇಡ್ಲಿ ಸಾಕು. ಮೂರನೇ ಸಾಲಲ್ಲಿ ಕೂರಿಸಬೇಡಿ, ನಡು ಸಾಲಲ್ಲಿ ಮುಂದಿನ ರಸ್ತೆ ಕಾಣೋ ಹಾಗೆ ಕೂರಿಸಿ. ಕೈಗೆ ಮೊಬೈಲ್ ಕೊಡಲೇಬೇಡಿ, ಅರ್ಧ ವಾಂತಿಗೆ ಅದೇ ಕಾರಣ.

ಏಲಕ್ಕಿ ಕಾಡು
ಇನ್ನರ್ಧಕ್ಕೆ ಡ್ರೈವರ್ ಕಾರಣ. ತಿರುವಿನೊಳಗೆ ಬ್ರೇಕ್ ಒತ್ತೋರ ಗಾಡೀಲಿ ದೊಡ್ಡವರೂ ವಾಂತಿ ಮಾಡ್ತಾರೆ. ತಿರುವಿಗೆ ಮೊದಲೇ ವೇಗ ಇಳಿಸಿ, ಗೇರ್ ಇಳಿಸಿ, ತಿರುವಿನೊಳಗೆ ಒಂದೇ ಸಮ ಹೋಗಿ.

ಘಾಟಿ ಗಾಡಿ
ಇದಕ್ಕೆ ಒಂದು ಸೇರಿಸ್ತೀನಿ. ಇಳಿಜಾರಲ್ಲಿ ಬ್ರೇಕ್ ಮೇಲೆ ಕಾಲಿಟ್ಟೇ ಇಳೀಬೇಡಿ. ಏಳು ಜನರ ಗಾಡಿ, ಮೇಲೆ ಲಗೇಜು. ಐದು ಕಿ.ಮೀ. ಹಾಗೇ ಇಳಿದ್ರೆ ಪ್ಯಾಡ್ ಕಾದು ಸುಟ್ಟ ವಾಸನೆ ಬರುತ್ತೆ, ಆಮೇಲೆ ಪೆಡಲ್ ಒತ್ತಿದ್ರೂ ಗಾಡಿ ಹಿಡಿಯಲ್ಲ. ಹತ್ತೋಕೆ ಯಾವ ಗೇರ್ ಬೇಕಾಯ್ತೋ ಇಳಿಯೋಕೂ ಅದೇ ಗೇರ್, ಸಾಮಾನ್ಯವಾಗಿ ಎರಡು. ಆಟೊಮ್ಯಾಟಿಕ್ ಆದ್ರೆ ಡಿ ಬಿಟ್ಟು ಎಲ್‌ಗೋ ಮ್ಯಾನ್ಯುವಲ್‌ಗೋ ಹಾಕಿ. ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸೋ ಜಾಣರು ಇದ್ದಾರೆ, ಅವರ ಹಿಂದೆ ಹೋಗಬೇಡಿ.
ಮಂಜು ಬಿದ್ರೆ ಡಿಮ್ ಲೈಟು. ಹೈ ಬೀಮ್ ಹಾಕಿದ್ರೆ ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ಬರುತ್ತೆ. ನಾಲ್ಕೂ ಇಂಡಿಕೇಟರ್ ಮಿನುಗಿಸ್ಕೊಂಡು ಓಡಿಸೋದೂ ತಪ್ಪು, ಹಿಂದಿನವನಿಗೆ ನೀವು ನಿಂತಿದ್ದೀರೋ ತಿರುಗ್ತಿದ್ದೀರೋ ಗೊತ್ತಾಗಲ್ಲ. ಕಿರಿದಾದ ರಸ್ತೆಯಲ್ಲಿ ಎದುರುಬದುರಾದ್ರೆ ಏರು ಹತ್ತೋ ಗಾಡಿಗೆ ಮೊದಲು ದಾರಿ.

ಬುಲೆಟ್ ಬಸವ
ಕಾನೂನು ಅದೇ ಇರಬಹುದು, ಪ್ರೈವೇಟ್ ಬಸ್ ಎದುರು ಬಂದ್ರೆ ಏರಾಗಲಿ ಇಳಿಜಾರಾಗಲಿ ನೀವೇ ಹಿಂದೆ ಹೋಗ್ಬೇಕು 😀

ಕುಶಾಲನಗರ ಕೊಪ್ಪ
17ನೇ ತಾರೀಕಿನ ಪ್ಲಾನೂ ತಪ್ಪು. ಮಾಂದಲಪಟ್ಟಿ, ಅಬ್ಬಿ ಒಂದೇ ಕಡೆ, ಸರಿ. ಗೋಲ್ಡನ್ ಟೆಂಪಲ್ ಯಾಕೆ ಸೇರಿಸಿದ್ರಿ? ಅದು ದುಬಾರೆ ದಿನದ್ದು. ಸುಂಟಿಕೊಪ್ಪ ದಾಟಿ ಗುಡ್ಡೆಹೊಸೂರಲ್ಲಿ ಬಲಕ್ಕೆ ತಿರುಗಿ ನಂಜರಾಯಪಟ್ಟಣ, ದುಬಾರೆ. 8:30ಕ್ಕೆ ದೋಣಿ ಕ್ಯೂನಲ್ಲಿರಿ. ಮುಗಿಸಿ ಅದೇ ದಾರೀಲಿ ಹೆದ್ದಾರಿಗೆ ಬಂದ್ರೆ ಕುಶಾಲನಗರಕ್ಕೆ ಮೊದಲೇ ನಿಸರ್ಗಧಾಮ ಸಿಗುತ್ತೆ. ತೂಗುಸೇತುವೆ, ಬಿದಿರು, ಜಿಂಕೆ, ಮಗು ಓಡಾಡಲಿ. ಕುಶಾಲನಗರದಲ್ಲಿ ಊಟ, 3 ಗಂಟೆಗೆ ಗೋಲ್ಡನ್ ಟೆಂಪಲ್ ಇರೋ ಬೈಲಕುಪ್ಪೆ. ಅಲ್ಲಿ ಎಲ್ಲ ಸಮತಟ್ಟು, ಅಪ್ಪನವರಿಗೆ ಇಡೀ ಪ್ರವಾಸದಲ್ಲಿ ಅತಿ ಸುಲಭದ ಜಾಗ. ಈ ಕಡೆ ರಸ್ತೆ ಹೆದ್ದಾರಿ, ತಿರುವೂ ಕಡಿಮೆ.
ಹೊಳೆಯಲ್ಲಿ ನೀರು ಹೆಚ್ಚಿದ್ರೆ ದುಬಾರೆ ದೋಣಿ, ನಿಸರ್ಗಧಾಮ ಎರಡೂ ಒಟ್ಟಿಗೇ ಬಂದ್. ಹಿಂದಿನ ಎರಡು ದಿನ ಮಳೆ ಜೋರಿದ್ರೆ ಹೊರಡೋ ಮೊದಲು ಕೇಳಿ.

ಪಿಂಚಣಿದಾರ
ಒಂದು ತಿದ್ದುಪಡಿ. ಬೈಲಕುಪ್ಪೆ ಕೊಡಗಿನಲ್ಲಿಲ್ಲ. ಕಾವೇರಿ ಸೇತುವೆ ದಾಟಿದರೆ ಮೈಸೂರು ಜಿಲ್ಲೆ, ಪಿರಿಯಾಪಟ್ಟಣ ತಾಲ್ಲೂಕು. ಟಿಬೆಟಿಯನ್ ನಿರಾಶ್ರಿತರ ವಸತಿ ಶುರುವಾದದ್ದು 1961ರಲ್ಲಿ, ನಾಮ್‌ಡ್ರೋಲಿಂಗ್ ಮಠ (ಇದೇ ಗೋಲ್ಡನ್ ಟೆಂಪಲ್) 1963ರಲ್ಲಿ. ಒಳಗಿನ ಮೂರು ದೊಡ್ಡ ಮೂರ್ತಿಗಳಲ್ಲಿ ನಡುವೆ ಇರುವುದು ಬುದ್ಧ, ಉಳಿದೆರಡು ಪದ್ಮಸಂಭವ ಮತ್ತು ಅಮಿತಾಯು. ಪ್ರಾರ್ಥನೆ ನಡೆಯುವಾಗ ಭಿಕ್ಷುಗಳ ಮುಖಕ್ಕೆ ಮೊಬೈಲ್ ಹಿಡಿಯುವುದನ್ನು ದಯವಿಟ್ಟು ಬಿಡಿ.

ಕುಶಾಲನಗರ ಕೊಪ್ಪ
ಪಿಂಚಣಿದಾರರೇ, ಪ್ರವಾಸಿಗೆ ಜಿಲ್ಲೆ ಗಡಿ ಕಟ್ಕೊಂಡು ಏನಾಗ್ಬೇಕು? ಆದ್ರೂ ಒಪ್ಪಿದೆ.

ಜೀಪ್ ಜಾಗರಣೆ
ಮಾಂದಲಪಟ್ಟಿ ಬಗ್ಗೆ ಯಾರೂ ಸರಿಯಾಗಿ ಹೇಳಿಲ್ಲ. ಕೊನೆಯ ಕೆಲವು ಕಿ.ಮೀ. ರಸ್ತೆಯಲ್ಲ, ಕಲ್ಲು ಮತ್ತು ಕೊರಕಲು. ನಿಮ್ಮ ಏಳು ಸೀಟಿನ ಗಾಡಿ ಹೋಗಲ್ಲ. ತುಂಬಿದ ಗಾಡಿ ಮೊದಲೇ ಕೆಳಗೆ ಕೂತಿರುತ್ತೆ, ಸಂಪ್ ಕಲ್ಲಿಗೆ ಬಡಿದು ಆಯಿಲ್ ಸೋರಿದ್ರೆ ಅಲ್ಲಿಂದ ಎಳ್ಕೊಂಡು ಬರೋ ಖರ್ಚಲ್ಲಿ ಇನ್ನೊಂದು ಪ್ರವಾಸ ಮಾಡಬಹುದು. ನಾಲ್ಕೂ ಚಕ್ರಕ್ಕೆ ಎಳೆತ ಇರೋ ಜೀಪೇ ಬೇಕು.
ಜೀಪ್ ಬಾಡಿಗೆ ತಲೆಗೆ ಲೆಕ್ಕ ಅಲ್ಲ, ಗಾಡಿಗೆ. ಹತ್ತೋ ಮೊದಲು ಮೂರು ವಿಷಯ ಬಾಯಿಬಿಟ್ಟು ಕೇಳಿ: ಮೇಲೆ ಎಷ್ಟು ಹೊತ್ತು ಕಾಯ್ತಾರೆ, ಅರಣ್ಯ ಇಲಾಖೆ ಟಿಕೆಟ್ ಸೇರಿದೆಯೋ ಬೇರೆಯೋ, ಅಬ್ಬಿ ಫಾಲ್ಸಲ್ಲೂ ನಿಲ್ಲಿಸ್ತಾರೋ. ಇದನ್ನ ಇಳಿಯೋವಾಗ ಕೇಳಿದ್ರೆ ಜಗಳ.
ಮಂಡಿ ನೋವಿಗಿಂತ ಸೊಂಟ ನೋವಿನವರಿಗೆ, ಗರ್ಭಿಣಿಯರಿಗೆ ಜೀಪ್ ಬೇಡ. ಅಪ್ಪನವರಿಗೆ ಬೆನ್ನು ಸರಿಯಿದ್ರೆ ಮುಂದಿನ ಸೀಟಲ್ಲಿ ಕೂರಿಸಿ, ಹಿಂದಿನ ಅಡ್ಡ ಬೆಂಚು ಬೇಡ.

ಬೆಣ್ಣೆದೋಸೆ ದಾವಣಗೆರೆ
ಸೂರ್ಯೋದಯಕ್ಕೇ ಹೋಗ್ಬೇಕಾ?

ಜೀಪ್ ಜಾಗರಣೆ
ಹೋಗ್ಬೇಕು ಅಂತಿಲ್ಲ. ಅಕ್ಟೋಬರ್ ನಡುಭಾಗ ಅಂದ್ರೆ ಮಳೆ ಪೂರ್ತಿ ಬಿಟ್ಟಿರಲ್ಲ. ನಸುಕಿನಲ್ಲಿ ಕಾಲಡಿಗೆ ಮೋಡ ಸಿಕ್ಕಿದ್ರೆ ಅದೃಷ್ಟ, ನೀವೇ ಮೋಡದೊಳಗಿದ್ರೆ ಬಿಳಿ ಗೋಡೆ ನೋಡಿ ವಾಪಸ್. ಸಂಜೆ ಹೋದ್ರೆ ಗುಡುಗು ಮಳೆ ಭಯ, ಬೋಳುಗುಡ್ಡದ ಮೇಲೆ ಸಿಡಿಲಿಗೆ ನಿಲ್ಲೋದು ಒಳ್ಳೇದಲ್ಲ. ಆದ್ದರಿಂದ ಬೆಳಿಗ್ಗೆ 7ರಿಂದ 10.

ಏಲಕ್ಕಿ ಕಾಡು
ಅಬ್ಬಿಗೆ ಇಳಿಯೋ ಮೆಟ್ಟಿಲು ಅಪ್ಪನವರಿಗೆ ಕಷ್ಟ. ಇಳಿಯೋದು ಸುಲಭ ಅನ್ಸುತ್ತೆ, ಮಂಡಿಗೆ ಪೆಟ್ಟು ಬೀಳೋದೇ ಇಳಿಯೋವಾಗ. ಅದರ ಬದಲು ಅವರನ್ನ ಓಂಕಾರೇಶ್ವರಕ್ಕೆ ಕರ್ಕೊಂಡು ಹೋಗಿ. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ್ದು, ಗುಮ್ಮಟ ಮಸೀದಿ ಥರ, ಮುಂದೆ ಕೊಳ. ಆಮೇಲೆ ಕೋಟೆ. ಒಳಗಿನ ಕಲ್ಲಿನ ಎರಡು ಆನೆ ಮಗುಗೂ ಇಷ್ಟ ಆಗುತ್ತೆ.

ಜಿಗಣೆ ಜ್ವರ
ಜಿಗಣೆ! ಯಾರೂ ಹೇಳೇ ಇಲ್ಲ. ಅಕ್ಟೋಬರಲ್ಲೂ ಇರುತ್ತೆ. ಉಪ್ಪು ಪೊಟ್ಟಣ ಇಟ್ಕೊಳ್ಳಿ, ಕಚ್ಚಿದ್ರೆ ಮೇಲೆ ಸುರೀರಿ.

ಮೆಡಿಕಲ್ ಅಂಗಡಿ
ಕಚ್ಚಿರೋ ಜಿಗಣೆ ಮೇಲೆ ಉಪ್ಪು ಸುರಿದ್ರೆ ಹೊಟ್ಟೇಲಿರೋದನ್ನ ಗಾಯಕ್ಕೇ ಕಕ್ಕಿ ಬೀಳುತ್ತೆ, ನಂಜು ಆಗೋ ಸಾಧ್ಯತೆ ಇದೆ. ಸಪೂರ ತುದಿ ಬಾಯಿ. ಅದರ ಪಕ್ಕ ಉಗುರಿಟ್ಟು ಚರ್ಮಕ್ಕೆ ಸಮವಾಗಿ ಜಾರಿಸಿ, ಬಿಡುತ್ತೆ. ಎಳೀಬೇಡಿ. ಸೋಪಿನ ನೀರಲ್ಲಿ ತೊಳೆದು ಬಟ್ಟೆ ಒತ್ತಿ ಹಿಡೀರಿ. ರಕ್ತ ಹೆಪ್ಪುಗಟ್ಟದ ಹಾಗೆ ಜಿಗಣೆ ಒಂದು ರಸ ಬಿಟ್ಟಿರುತ್ತೆ, ಅದಕ್ಕೇ ತುಂಬಾ ಹೊತ್ತು ಸೋರುತ್ತೆ. ಅಪ್ಪನವರು ಹೃದಯಕ್ಕೆ ರಕ್ತ ತೆಳು ಮಾಡೋ ಮಾತ್ರೆ ತಗೋತಿದ್ರೆ ಇನ್ನೂ ಹೆಚ್ಚು ಹೊತ್ತು ಸೋರುತ್ತೆ, ಗಾಬರಿ ಬೇಡ, ಒತ್ತಿ ಹಿಡಿಯೋದು ಬಿಡಬೇಡಿ.

ತೋಟದ ಮನೆ
ಉಪ್ಪು ಬೇಕಾಗೋದು ಕಚ್ಚೋ ಮೊದಲು. ಉದ್ದ ಸಾಕ್ಸ್ ಒಳಗೆ ಪ್ಯಾಂಟ್ ತುದಿ ಸಿಕ್ಕಿಸಿ, ಸಾಕ್ಸ್ ಹೊರಗೆ ಹೊಗೆಸೊಪ್ಪು ನೆನೆಸಿದ ನೀರೋ ಉಪ್ಪು ನೀರೋ ಹಚ್ಚಿ. ತೋಟದ ಕೆಲಸದವರು ಮಾಡೋದು ಇದನ್ನೇ. ರಸ್ತೆ ಮೇಲೆ, ಮೆಟ್ಟಿಲ ಮೇಲೆ ಇರೋರಿಗೆ ಇದ್ಯಾವುದೂ ಬೇಕಾಗಲ್ಲ. ಹುಲ್ಲಿಗೆ, ಒದ್ದೆ ತರಗೆಲೆಗೆ ಕಾಲಿಡಬೇಡಿ ಅಷ್ಟೇ.

ಮೇಕೇರಿ ತಿರುವು
ಈಗ 18ಕ್ಕೆ ಬರೋಣ. ಇರ್ಪು ಮತ್ತು ನಾಗರಹೊಳೆ ಮಡಿಕೇರಿಯಿಂದ ಮಾಡೋ ದಿನದ ಪ್ರವಾಸವೇ ಅಲ್ಲ. ವಿರಾಜಪೇಟೆ, ಗೋಣಿಕೊಪ್ಪ, ಶ್ರೀಮಂಗಲ ಅಂತ ಹೋಗೋಕೇ ಎರಡೂವರೆ ಮೂರು ಗಂಟೆ. ಕುಟ್ಟದ ಕಡೆ ನಾಣಚ್ಚಿ ಗೇಟಿನ ಬೆಳಗಿನ ಸಫಾರಿ ಹಿಡೀಬೇಕಾದ್ರೆ ನೀವು ರೂಮಿಂದ ನಡುರಾತ್ರಿ ಬಿಡಬೇಕು. ಸಂಜೆ ಸಫಾರಿ ಮುಗಿಸಿದ್ರೆ ವಾಪಸ್ ಕತ್ತಲೆ. ಆ ಕಡೆ ಹೋಗೋರು ಗೋಣಿಕೊಪ್ಪ ಇಲ್ಲ ಶ್ರೀಮಂಗಲದಲ್ಲಿ ಒಂದು ರಾತ್ರಿ ಇರಬೇಕು. ನಿಮ್ಮ ರೂಮು ಬದಲಾಗಲ್ಲ ಅಂದ್ರಿ, ಹಾಗಾಗಿ ದಕ್ಷಿಣ ಕೊಡಗು ಈ ಸಲ ಬಿಡಿ.

ತೋಟದ ಮನೆ
ಕತ್ತಲೆ ಅಂದಿದ್ದಕ್ಕೆ ಒಂದು ಮಾತು. ಸಿದ್ದಾಪುರ, ಅಮ್ಮತ್ತಿ, ಪಾಲಿಬೆಟ್ಟ, ತಿತಿಮತಿ ಸುತ್ತ ಆನೆಗಳು ಕಾಡಿಗಿಂತ ಕಾಫಿ ತೋಟದಲ್ಲೇ ಹೆಚ್ಚು. ಸಂಜೆ 6ರಿಂದ ಬೆಳಿಗ್ಗೆ 7ರ ತನಕ ರಸ್ತೆ ದಾಟ್ತವೆ. ಬೇಲಿ ಮುರಿದಿದ್ರೆ, ಹಸಿ ಲದ್ದಿ ಇದ್ರೆ ನಿಧಾನ ಮಾಡಿ. ಆನೆ ಕಂಡ್ರೆ ದೂರದಲ್ಲೇ ನಿಲ್ಲಿ, ಎಂಜಿನ್ ಆಫ್ ಮಾಡಬೇಡಿ, ಹಾರ್ನ್ ಬೇಡ, ಫ್ಲಾಶ್ ಬೇಡ, ಇಳೀಲೇಬೇಡಿ. ಒಂದು ದಾಟಿದ ತಕ್ಷಣ ನುಗ್ಗಬೇಡಿ, ಹಿಂದೆ ಮರಿ ಇರುತ್ತೆ. ನಾಗರಹೊಳೆ ಕಾಡಿನೊಳಗಿನ ಹುಣಸೂರು–ಕುಟ್ಟ ರಸ್ತೆ ಸಂಜೆ 6ಕ್ಕೆ ಮುಚ್ಚಿದ್ರೆ ಬೆಳಿಗ್ಗೆ 6ಕ್ಕೇ ತೆಗೆಯೋದು, ಮ್ಯಾಪ್ ಆ ದಾರಿ ತೋರಿಸಿದ್ರೂ ನಂಬಬೇಡಿ.

ನಾಪೋಕ್ಲು ನಾಕಾಣೆ
18ಕ್ಕೆ ನಮ್ಮ ಕಡೆ ಬನ್ನಿ. ಮೂರ್ನಾಡು, ನಾಪೋಕ್ಲು ಮೂಲಕ ಕಕ್ಕಬ್ಬೆ. ಪಾಡಿ ಇಗ್ಗುತ್ತಪ್ಪ ದೇವಸ್ಥಾನ, ನಾಲ್ಕುನಾಡು ಅರಮನೆ. ಅರಮನೆ ದೊಡ್ಡ ವೀರರಾಜೇಂದ್ರ 1790ರ ದಶಕದಲ್ಲಿ ಕಟ್ಟಿಸಿದ್ದು, ಸಣ್ಣದು, ಗೋಡೆ ಚಿತ್ರ, ಮರದ ಕೆತ್ತನೆ. ಮುಕ್ಕಾಲು ಗಂಟೆ ಸಾಕು. ಜನ ಇರಲ್ಲ.

ಬುಲೆಟ್ ಬಸವ
ಅಲ್ಲಿಂದಲೇ ತಡಿಯಂಡಮೋಳ್! ಅರ್ಧ ದಿನದಲ್ಲಿ ಆಗುತ್ತೆ.

ನಾಪೋಕ್ಲು ನಾಕಾಣೆ
70 ವರ್ಷ, ಮಂಡಿ ನೋವು, 6 ವರ್ಷದ ಮಗು. ಮೊದಲ ಪೋಸ್ಟ್ ಓದಿದ್ರಾ? 1,748 ಮೀಟರ್, ಕೊಡಗಿನಲ್ಲೇ ಎತ್ತರದ್ದು, ಕೊನೆ ಭಾಗ ಕಡಿದು. ಅರಣ್ಯ ಇಲಾಖೆ ವೆಬ್‌ಸೈಟಲ್ಲಿ ಮೊದಲೇ ಬುಕ್ ಮಾಡದೆ ಬಿಡೋದೂ ಇಲ್ಲ, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ.
ಹತ್ತಿರದಲ್ಲೇ ಚೇಲಾವರ ಫಾಲ್ಸ್ ಇದೆ, ಚೆಯ್ಯಂಡಾಣೆಯಿಂದ ಒಳಗೆ. ದೂರದಿಂದ ನೋಡಿ. ನೀರಿಗೆ ಇಳೀಬೇಡಿ, ಬಂಡೆ ಪಾಚಿ ಕಟ್ಟಿರುತ್ತೆ, ಕೆಳಗಿನ ಗುಂಡಿ ಆಳ. ಈಜು ಬರೋರೇ ಹೆಚ್ಚು ಸತ್ತಿರೋದು, ಬರದವರು ಹೇಗೂ ಇಳಿಯಲ್ಲ.
ಇನ್ನೊಂದು, ಮಳೆ ಜೋರಾದ್ರೆ ಮೂರ್ನಾಡು–ನಾಪೋಕ್ಲು ರಸ್ತೆಗೆ ಬೊಳಿಬಾಣೆಯಲ್ಲಿ ಕಾವೇರಿ ಬರುತ್ತೆ. ಅಕ್ಟೋಬರಲ್ಲಿ ಅಪರೂಪ.

ಕಾಫಿಪುಡಿ ಕಣ್ಣಪ್ಪ
ಊಟದ ಬಗ್ಗೆ ಒಬ್ಬರೂ ಮಾತಾಡಿಲ್ಲ, ಇದೆಂಥ ಚರ್ಚೆ ಮಾರಾಯ್ರೆ? ಕಡಂಬಿಟ್ಟು, ಪಂದಿ ಕರಿ, ನೂಲ್‌ಪುಟ್ಟು.

ಬೆಣ್ಣೆದೋಸೆ ದಾವಣಗೆರೆ
ನಾವು ಸಸ್ಯಾಹಾರಿಗಳು 🙏

ಕಾಫಿಪುಡಿ ಕಣ್ಣಪ್ಪ
ಹಾಗಾದ್ರೆ ಅಕ್ಕಿ ರೊಟ್ಟಿ, ಬೈಂಬಳೆ ಸಾರು. ಬೈಂಬಳೆ ಅಂದ್ರೆ ಕಣಿಲೆ, ಮಳೆಗಾಲದ್ದು, ಈಗ ಸಿಕ್ಕಿದ್ರೆ ಉಪ್ಪು ನೀರಲ್ಲಿಟ್ಟದ್ದು. ಮಡಿಕೇರಿ, ಕುಶಾಲನಗರ ಬಿಟ್ರೆ ಶುದ್ಧ ಸಸ್ಯಾಹಾರಿ ಹೋಟೆಲು ಕಡಿಮೆ, ಕಕ್ಕಬ್ಬೆ ದಿನ ಬುತ್ತಿ ಕಟ್ಟಿಸ್ಕೊಂಡು ಹೋಗಿ.
ಕಾಫಿಪುಡಿ ತಗೊಳ್ಳೋವಾಗ ಪೊಟ್ಟಣದ ಹಿಂದೆ ಚಿಕೋರಿ ಎಷ್ಟು ಶೇಕಡಾ ಅಂತ ಓದಿ, ಬರೆಯೋದು ಕಡ್ಡಾಯ. 49ರ ತನಕ ಬೆರೆಸೋಕೆ ಕಾನೂನೇ ಬಿಟ್ಟಿದೆ. ಮುಂದೆ "ಪ್ಯೂರ್ ಕೂರ್ಗ್" ಅಂತ ದೊಡ್ಡದಾಗಿ, ಹಿಂದೆ 40 ಚಿಕೋರಿ ಅಂತ ಇರುವೆಯಷ್ಟು ಅಕ್ಷರದಲ್ಲಿ. ಬೀಜ ಹುರಿದು ಕಣ್ಣೆದುರೇ ಪುಡಿ ಮಾಡಿ ಕೊಡೋ ಅಂಗಡಿ ಹುಡುಕಿ.

ಜಿಗಣೆ ಜ್ವರ
ಜೇನು ತಗೊಳ್ಳೋವಾಗ ನೀರಿಗೆ ಒಂದು ಹನಿ ಹಾಕಿ ನೋಡಿ, ಕರಗದೆ ತಳ ಸೇರಿದ್ರೆ ಅಸಲಿ.

ತೋಟದ ಮನೆ
ಗಟ್ಟಿ ಸಕ್ಕರೆ ಪಾಕವೂ ತಳ ಸೇರುತ್ತೆ ಸ್ವಾಮಿ. ಆ ಪರೀಕ್ಷೆಯಿಂದ ಏನೂ ಗೊತ್ತಾಗಲ್ಲ. ರಸ್ತೆ ಬದಿ ಬಾಟ್ಲಿ ಬಿಟ್ಟು ಜೇನು ಸಾಕಣೆದಾರರ ಸಹಕಾರ ಸಂಘದ ಮಳಿಗೇಲಿ ತಗೊಳ್ಳಿ.

ಬೆಣ್ಣೆದೋಸೆ ದಾವಣಗೆರೆ
ಎಲ್ಲರಿಗೂ ಧನ್ಯವಾದ. ಹೊಸ ಪ್ಲಾನ್: 16 ಬೆಳಿಗ್ಗೆ 6:30ಕ್ಕೆ ಭಾಗಮಂಡಲ, ತಲಕಾವೇರಿ, ಸಂಜೆ ವಿಶ್ರಾಂತಿ. 17 ದುಬಾರೆ, ನಿಸರ್ಗಧಾಮ, ಬೈಲಕುಪ್ಪೆ. 18 ಬೆಳಿಗ್ಗೆ ನಾವು ಮಾಂದಲಪಟ್ಟಿ, ಅಪ್ಪ ಅಮ್ಮ ಓಂಕಾರೇಶ್ವರ, ಸಂಜೆ ಎಲ್ಲರೂ ರಾಜಾಸೀಟ್. ಕಕ್ಕಬ್ಬೆ ಬಿಟ್ಟೆ. 19ಕ್ಕೆ ಊರಿಗೆ ಹೋಗೋವಾಗ ಸೋಮವಾರಪೇಟೆ ಮೇಲೆ ಹೋಗಿ ಮಲ್ಲಳ್ಳಿ ಫಾಲ್ಸ್ ನೋಡ್ಕೊಂಡು ಹಾಸನ ಹಿಡೀಬಹುದಾ?

ಮೇಕೇರಿ ತಿರುವು
17, 18 ಅದಲು ಬದಲು ಮಾಡ್ಕೊಳ್ಳೋಕೂ ತಯಾರಿರಿ. 16ರ ರಾತ್ರಿ ಆಕಾಶ ಶುಭ್ರವಾಗಿದ್ರೆ 17ಕ್ಕೇ ಮಾಂದಲಪಟ್ಟಿ. ದುಬಾರೆ ಮೋಡ ಇದ್ರೂ ನಡೆಯುತ್ತೆ, ಮಾಂದಲಪಟ್ಟಿ ನಡೆಯಲ್ಲ. ರಾಜಾಸೀಟಿಗೆ ಕಾರು ಬೇಡ, ಸಂಜೆ ನಿಲ್ಲಿಸೋಕೆ ಜಾಗ ಸಿಗಲ್ಲ, ಆಟೋ ಮಾಡಿ.

ಸೋಮವಾರಪೇಟೆಯವ
ಮಲ್ಲಳ್ಳಿ ಸೋಮವಾರಪೇಟೆಯಿಂದ 25 ಕಿ.ಮೀ. ಒಳಗೆ, ಬಂದ ದಾರೀಲೇ ವಾಪಸ್. ಹೋಗಿ ನೋಡಿ ಬರೋಕೆ ಮೂರೂವರೆ ಗಂಟೆ ತೆಗೆದಿಡಬೇಕು. ಕೆಳಗಿನ ತನಕ ಮೆಟ್ಟಿಲು ನೂರಾರು, ಅಪ್ಪನವರು ಮೇಲಿನ ವ್ಯೂ ಪಾಯಿಂಟಿಂದಲೇ ನೋಡಬಹುದು. ಅಲ್ಲಿ ಧುಮುಕೋ ಕುಮಾರಧಾರೆ ಹೊಳೆ ಅಕ್ಟೋಬರಲ್ಲಿ ಚೆನ್ನಾಗಿ ತುಂಬಿರುತ್ತೆ, ಅದು ನಿಜ. ಆದ್ರೆ ಆಮೇಲೆ ಶನಿವಾರಸಂತೆ, ಕೊಡ್ಲಿಪೇಟೆ, ಹಾಸನ, ಅರಸೀಕೆರೆ ದಾಟಿ ದಾವಣಗೆರೆ ಅಂದ್ರೆ ಮನೆ ಸೇರೋದು ರಾತ್ರಿ 11. ಮಡಿಕೇರಿಯಿಂದ 6ಕ್ಕೆ ಬಿಡೋ ಧೈರ್ಯ ಇದ್ರೆ ಹಾಕ್ಕೊಳ್ಳಿ, ಇಲ್ಲಾಂದ್ರೆ ಮಾದಾಪುರ ರಸ್ತೆಯಲ್ಲಿ ಸೀದಾ ನಡೀರಿ. ಟ್ಯಾಂಕ್ ಮಡಿಕೇರಿ ಇಲ್ಲ ಸೋಮವಾರಪೇಟೇಲೇ ತುಂಬಿಸಿ, ಮಲ್ಲಳ್ಳಿ ಕಡೆ ಬಂಕ್ ನೆಚ್ಕೋಬೇಡಿ, ಮೊಬೈಲ್ ಸಿಗ್ನಲ್ಲೂ ಅಷ್ಟಕ್ಕಷ್ಟೇ.

ಬುಲೆಟ್ ಬಸವ
11 ಏನಿಲ್ಲ, 9ಕ್ಕೆ ಸೇರ್ತಾರೆ.

ಸೋಮವಾರಪೇಟೆಯವ
ನಿಮ್ಮ ಬುಲೆಟಲ್ಲಿ ಸೇರ್ತಾರೆ.